ಲಾರಿಯ ಮುಂದಿನ ಆಕ್ಸಲ್: ಸವೆತ ಗುರುತಿಸುವುದು, ಭಾಗ ಬದಲಿಸುವುದು

ನಮ್ಮ ಟ್ರಸ್ಟಿನ ದಾನಿಗಳಲ್ಲಿ ಲಾರಿ ಮಾಲಕರಿದ್ದಾರೆ. ವಿದ್ಯಾರ್ಥಿವೇತನ ಪಡೆಯುವ ಮನೆಗಳಲ್ಲಿ ಚಾಲಕರು, ಕ್ಲೀನರ್‌ಗಳು, ಗ್ಯಾರೇಜಿನಲ್ಲಿ ದುಡಿಯುವವರಿದ್ದಾರೆ. ಎರಡೂ ಕಡೆಯವರಿಗೆ ಉಪಯೋಗವಾಗಲೆಂದು ಈ ಸಲ ಹಳೆಯ ಲಾರಿಯ ಮುಂದಿನ ಭಾಗದ ಬಗ್ಗೆ ಈ ಪಾಠವನ್ನು ನೀಡುತ್ತಿದ್ದೇವೆ.

ಪಣಂಬೂರಿನ ಬಂದರಿನಿಂದ ಸರಕು ಹೇರಿಕೊಂಡು ಬೆಂಗಳೂರಿಗೆ ಹೊರಟ ಲಾರಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತದೆ. ಮರಳುವಾಗ ಅದೇ ತಿರುವುಗಳನ್ನು ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಮಳೆಗಾಲದ ಹೊಂಡ, ಕೆಸರು ನೀರು, ಕರಾವಳಿಯ ಉಪ್ಪುಗಾಳಿ ಇವೆಲ್ಲ ಸೇರಿದರೆ ಸವೆತ ಇನ್ನೂ ಬೇಗ. ಲಕ್ಷಾಂತರ ಕಿಲೋಮೀಟರ್ ಓಡಿದ ಲಾರಿಯಲ್ಲಿ ಒಂದೇ ಭಾಗ ಸವೆದಿರುವುದು ಅಪರೂಪ. ಆದ್ದರಿಂದ ಸದ್ದು ಬಂದ ಭಾಗವನ್ನು ಮಾತ್ರ ಬದಲಿಸಿದರೆ ಸಾಲದು, ಇಡೀ ಮುಂಭಾಗವನ್ನು ಒಮ್ಮೆ ಪರೀಕ್ಷಿಸಬೇಕು.

ರಚನೆ ಸರಳ. ಎರಡು ಬದಿಯ ಸ್ಪ್ರಿಂಗ್ ಪ್ಲೇಟುಗಳಿಗೆ ಆಕ್ಸಲನ್ನು ಯು ಬೋಲ್ಟ್‌ಗಳು ಬಿಗಿದಿಡುತ್ತವೆ. ಪ್ಲೇಟುಗಳನ್ನು ಒಟ್ಟಿಗೆ ಹಿಡಿಯುವುದು ಸೆಂಟರ್ ಬೋಲ್ಟ್. ಪ್ಲೇಟಿನ ತುದಿಗಳು ಪಿನ್, ಶ್ಯಾಕಲ್ ಮತ್ತು ಬುಶ್‌ಗಳ ಮೂಲಕ ಚಾಸಿಗೆ ಸೇರುತ್ತವೆ. ಆಕ್ಸಲಿನ ಎರಡೂ ತುದಿಗಳಲ್ಲಿರುವ ಕಿಂಗ್ ಪಿನ್ ಮೇಲೆ ಚಕ್ರ ಎಡಬಲಕ್ಕೆ ತಿರುಗುತ್ತದೆ. ಎರಡೂ ಚಕ್ರಗಳನ್ನು ಟೈ ರಾಡ್ ಜೋಡಿಸುತ್ತದೆ.

ಮೊದಲು ಲಾರಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಎದುರಿನಿಂದ ನೋಡಿ. ಒಂದು ಬದಿಗೆ ವಾಲಿದ್ದರೆ ಆ ಬದಿಯ ಪ್ಲೇಟು ಕುಸಿದಿರಬಹುದು ಅಥವಾ ತುಂಡಾಗಿರಬಹುದು. ಟಯರಿನ ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಕಿಂಗ್ ಪಿನ್ ಮೇಲೆ ಸಂಶಯವಿರಲಿ. ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ನೋಡಬೇಕು.

ಬಳಿಕ ಹಿಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟು, ಆಕ್ಸಲನ್ನು ಜಾಕಿಯಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡ್ ಇಡಿ. ಬರೀ ಜಾಕಿಯನ್ನು ನಂಬಿ ಅಡಿಗೆ ಹೋಗಬಾರದು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಲೂಸ್ ಕಂಡರೆ ಇನ್ನೊಬ್ಬರು ಬ್ರೇಕ್ ಒತ್ತಲಿ. ಏರ್ ಬ್ರೇಕ್ ಆದರೆ ಟ್ಯಾಂಕಿನಲ್ಲಿ ಗಾಳಿ ತುಂಬಿರಬೇಕು. ಬ್ರೇಕ್ ಒತ್ತಿದಾಗ ಲೂಸ್ ಮಾಯವಾದರೆ ಅದು ಚಕ್ರದ ಬೇರಿಂಗಿನದು. ಹಾಗೆಯೇ ಉಳಿದರೆ ಕಿಂಗ್ ಪಿನ್ ಬುಶ್‌ನದು. ಚಕ್ರವನ್ನು ಎಡಬಲದ ಅಂಚುಗಳಲ್ಲಿ ಹಿಡಿದು ಅಲುಗಾಡಿಸಿದಾಗ ಸಡಿಲ ಕಂಡರೆ ಟೈ ರಾಡ್ ತುದಿಗಳನ್ನೂ ಸ್ಟೇರಿಂಗ್ ಜೋಡಣೆಗಳನ್ನೂ ನೋಡಿ. ಈ ಪರೀಕ್ಷೆಗೆ ಖರ್ಚಿಲ್ಲ, ಆದರೆ ತಪ್ಪು ಭಾಗಕ್ಕೆ ಹಣ ಸುರಿಯುವುದನ್ನು ಇದು ತಪ್ಪಿಸುತ್ತದೆ.

ಬದಲಿಸುವಾಗ ಎರಡೂ ಬದಿಯದನ್ನು ಒಟ್ಟಿಗೆ ಬದಲಿಸಿ. ಒಂದು ಬದಿ ಹೊಸತು, ಇನ್ನೊಂದು ಹಳತು ಆದರೆ ಲಾರಿ ವಾಲುತ್ತದೆ, ಬ್ರೇಕ್ ಹಿಡಿದಾಗ ಒಂದು ಕಡೆಗೆ ಎಳೆಯುತ್ತದೆ. ತುಕ್ಕು ಹಿಡಿದ ಕಿಂಗ್ ಪಿನ್ ಹೊರಬಾರದಿದ್ದರೆ ಆಕ್ಸಲಿಗೆ ಗ್ಯಾಸ್ ಬೆಂಕಿ ಹಿಡಿಯಬಾರದು. ಕಾಯಿಸಿದರೆ ಉಕ್ಕಿನ ಗಟ್ಟಿತನ ಹೋಗುತ್ತದೆ. ಹೊಸ ಬುಶ್‌ನ ರಂಧ್ರ ಗ್ರೀಸ್ ನಿಪ್ಪಲ್‌ಗೆ ಸರಿಯಾಗಿ ಎದುರಾಗಬೇಕು. ಮೇಲಿನ ಮತ್ತು ಕೆಳಗಿನ ಬುಶ್‌ಗಳನ್ನು ಒಂದೇ ನೇರದಲ್ಲಿ ರೀಮರ್ ಹಾಕಿ ಅಳತೆಗೆ ತರಬೇಕು. ಭಾರ ಹೊರುವ ಥ್ರಸ್ಟ್ ಬೇರಿಂಗನ್ನೂ ಜೊತೆಗೇ ಬದಲಿಸಿ.

ಮುರಿದ ಪ್ಲೇಟಿಗೆ ವೆಲ್ಡಿಂಗ್ ಪರಿಹಾರವಲ್ಲ. ಕಾದ ಜಾಗದಲ್ಲಿ ಅದು ಮತ್ತೆ ಮುರಿಯುತ್ತದೆ. ಪ್ಲೇಟು ಬಿಚ್ಚಿದಾಗ ಯು ಬೋಲ್ಟ್‌ಗಳು ಮತ್ತು ಸೆಂಟರ್ ಬೋಲ್ಟ್ ಹೊಸತೇ ಇರಲಿ. ಯು ಬೋಲ್ಟ್‌ಗಳನ್ನು ಕಂಪೆನಿ ಹೇಳಿದ ಟಾರ್ಕ್‌ಗೆ ಬಿಗಿದು, ಭಾರ ಹೊತ್ತು ಸ್ವಲ್ಪ ದೂರ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಅವು ಸಡಿಲಾದರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜಾಗ ಬಿಟ್ಟು ಸರಿಯುತ್ತದೆ. ಕೊನೆಗೆ ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸ ಟಯರು ಕೆಲವೇ ಟ್ರಿಪ್‌ಗಳಲ್ಲಿ ಸವೆಯತೊಡಗುತ್ತದೆ.

ಇಷ್ಟೆಲ್ಲ ಸವೆತಕ್ಕೆ ಬಹುಪಾಲು ಕಾರಣ ಗ್ರೀಸ್ ಕೊಡದಿರುವುದು. ಚಕ್ರ ಎತ್ತಿಟ್ಟು, ಕೆಸರು ಬೆರೆತ ಹಳೆಯ ಗ್ರೀಸ್ ಹೊರಬರುವ ತನಕ ಗನ್ ಒತ್ತಬೇಕು. ಮಳೆಗಾಲದಲ್ಲಿ ಇದನ್ನು ಹೆಚ್ಚು ಸಲ ಮಾಡಬೇಕು.

ಸಾಗಾಟದ ವಾಹನಕ್ಕೆ 8 ವರ್ಷ ದಾಟಿದ ಮೇಲೆ ಪ್ರತಿವರ್ಷ ಫಿಟ್‌ನೆಸ್ ಪ್ರಮಾಣಪತ್ರ ನವೀಕರಿಸಬೇಕು. ಆದರೆ ಆ ಒಂದು ದಿನಕ್ಕಾಗಿ ಲಾರಿ ಸರಿಪಡಿಸಿದರೆ ಉಳಿದ ದಿನಗಳಿಗೆ ಸಾಲದು. ಕಿಂಗ್ ಪಿನ್ ಕಿಟ್‌ನ ಬೆಲೆ ಒಂದು ಜೊತೆ ಹೊಸ ಟಯರಿನ ಬೆಲೆಗಿಂತ ಬಹಳ ಕಡಿಮೆ. ಮಾಲಕರಲ್ಲಿ ನಮ್ಮ ವಿನಂತಿ ಇಷ್ಟೇ: ಸ್ಟೇರಿಂಗ್ ನಡುಗುತ್ತಿದೆ ಎಂದು ಚಾಲಕ ಹೇಳಿದರೆ "ಈ ಟ್ರಿಪ್ ಮುಗಿಯಲಿ" ಎನ್ನಬೇಡಿ. ಚಾಲಕನ ಜೀವ, ಎದುರಿನಿಂದ ಬರುವವರ ಜೀವ ನಿಮ್ಮ ಕೈಯಲ್ಲಿರುವ ಅಮಾನತ್ತು.

ಪೋಷಕರಿಗೂ ಒಂದು ಮಾತು. ಮೇಲೆ ಹೇಳಿದ ಕೆಲಸಕ್ಕೆ ತೋಳ್ಬಲದಷ್ಟೇ ಅಳತೆ, ಲೋಹ ಮತ್ತು ಭಾರದ ತಿಳಿವಳಿಕೆಯೂ ಬೇಕು. ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ 2 ವರ್ಷ, ಡೀಸೆಲ್ ಮೆಕ್ಯಾನಿಕ್ 1 ವರ್ಷ. ಎರಡಕ್ಕೂ ಎಸ್ಸೆಸ್ಸೆಲ್ಸಿ ತೇರ್ಗಡೆಯಾಗಿರಬೇಕು. ಮಂಗಳೂರಿನ ಕದ್ರಿಯಲ್ಲಿ ಸರಕಾರಿ ಐಟಿಐ ಇದೆ, 1946ರಲ್ಲಿ ಆರಂಭವಾದ ಕರ್ನಾಟಕ ಪಾಲಿಟೆಕ್ನಿಕ್ ಕೂಡ ಇದೆ. ಡಾಕ್ಟರ್, ಇಂಜಿನಿಯರ್ ಓದುವ ಮಕ್ಕಳಂತೆ ಇಂಥ ತರಬೇತಿಗೆ ಸೇರುವ ಮಕ್ಕಳೂ ನಮ್ಮ ವಿದ್ಯಾರ್ಥಿವೇತನಕ್ಕೆ ಅರ್ಹರು. ಸಂಕೋಚಪಡದೆ ಅರ್ಜಿ ಹಾಕಿಸಿ.