ಗಾಳಿಗೂ ಬಿಲ್ಲು

ಉಳಿದ ವಾರ್ಡುಗಳ ನೀರು ಪೂರೈಕೆಯೂ ಖಾಸಗಿ ಗುತ್ತಿಗೆಗೆ ಹೋಗುತ್ತದೆ ಎಂಬ ಸುದ್ದಿ ಎದ್ದಾಗಿನಿಂದ ಈ ಲೇಖಕನನ್ನು ಹುಡುಕಿಕೊಂಡು ಬರುವವರು ಹೆಚ್ಚಾಗಿದ್ದಾರೆ. ಗುತ್ತಿಗೆಯ ಮೀಟರು ಮೊದಲು ಕೂತದ್ದು ಅವನ ಓಣಿಯಲ್ಲಿ. ಊರಿನ ಹೆಸರು ಬೇಡ. ಇನ್ನೂ ಅಲ್ಲೇ ಬಾಳಬೇಕು, ನೀರಿನ ಬಿಲ್ಲು ತುಂಬುವ ಅದೇ ಕಿಟಕಿಯ ಮುಂದೆ ನಿಲ್ಲಬೇಕು.

ಮೀಟರು ಬಂತು, ಅದರ ಜೊತೆ ಬರಬೇಕಿದ್ದ 24 ತಾಸಿನ ನೀರು ಬರಲಿಲ್ಲ. ಹಳೆಯಂತೆ ಪಾಳಿ ಪ್ರಕಾರವೇ ಬಿಡುತ್ತಿದ್ದರು. ಮೊದಲ ಬಿಲ್ಲು ನೋಡಿದರೆ, ಇಬ್ಬರೇ ಇರುವ ಮನೆಗೆ ಕಲ್ಯಾಣ ಮಂಟಪದ ಲೆಕ್ಕ! ಸೋರಿಕೆ ಹುಡುಕಿದ್ದಾಯಿತು, ಸಂಪು ಖಾಲಿ ಮಾಡಿ ನೋಡಿದ್ದಾಯಿತು. ಕಾರಣ ಸಿಕ್ಕಿದ್ದು ಒಂದು ಬೆಳಗಿನ ಜಾವ. ನೀರು ಬಿಡುವ ಹೊತ್ತಿಗೆ ಟಾರ್ಚ್ ಹಿಡಿದು ಮೀಟರಿನ ಮುಂದೆ ಕೂತರೆ, ಪೈಪು ಮೊದಲು ಬುಸುಗುಟ್ಟಿತು. ನಲ್ಲಿಯಿಂದ ಹನಿಯೂ ಇಲ್ಲ, ಒಳಗಿನ ಚಕ್ರ ಮಾತ್ರ ಗರಗರ ತಿರುಗುತ್ತಿದೆ. ಖಾಲಿ ಕೊಳವೆಯಲ್ಲಿದ್ದ ಗಾಳಿಯನ್ನು ನೀರು ಮುಂದಕ್ಕೆ ತಳ್ಳುತ್ತಿತ್ತು. ಮೀಟರು ಅದನ್ನೂ ಲೀಟರಿನಲ್ಲಿ ಅಳೆಯುತ್ತಿತ್ತು. ಫೋನಿನಲ್ಲಿ ವಿಡಿಯೊ ಮಾಡಿಕೊಂಡ.

ಗುತ್ತಿಗೆದಾರರ ಹುಡುಗ "ಪಾಲಿಕೆಗೆ ಹೋಗ್ರಿ" ಎಂದ. ಪಾಲಿಕೆಯ ಎಂಜಿನಿಯರ್ ಸಾಹೇಬರು "ಕಂಪನಿಯವರನ್ನ ಕೇಳ್ರಿ" ಎಂದರು. ವಿಡಿಯೊ ತೋರಿಸಹೋದರೆ, ಕಡತದಿಂದ ತಲೆ ಎತ್ತದೆಯೇ ಉತ್ತರ: "ಮೀಟರ್ ಸುಳ್ಳು ಹೇಳೂದಿಲ್ರಿ, ಮಂದಿ ಹೇಳ್ತಾರ." ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಆ ನಗು ಈಗಲೂ ಚುಚ್ಚುತ್ತದೆ.

ಅಷ್ಟರಲ್ಲಿ ಭಾವ ನಡುವೆ ಬಂದ. ನಲ್ಲಿ ಕಿತ್ತುಹಾಕುತ್ತಾರೆಂದು ಹೆದರಿ, ಯಾರಿಗೂ ಹೇಳದೆ ಬಿಲ್ಲು ತುಂಬಿ ಬಂದ. "ರೊಕ್ಕ ತುಂಬೀರಿ ಅಂದ್ರ ಒಪ್ಪಿದ್ಹಂಗ" ಎಂದು ಕಚೇರಿಯವರು ದೂರಿನ ಅರ್ಜಿಯನ್ನೇ ಮುಚ್ಚಿದರು. ಕೊನೆಗೆ ಓಣಿಯವರೆಲ್ಲ ಸೇರಿ ವಾರ್ಡಿನ ಸಭೆಯಲ್ಲಿ ಅದೇ ವಿಡಿಯೊ ತೋರಿಸಿದ ಮೇಲೆ ಓಣಿಯ ತುದಿಗೊಂದು ಏರ್ ವಾಲ್ವ್ ಬಂತು.

ಹಾಗೆಂದು ಖಾಸಗಿ ಎಂದ ಕೂಡಲೇ ಕಲ್ಲು ಎತ್ತುವವನಲ್ಲ ಈ ಲೇಖಕ. ವಿಶ್ವಬ್ಯಾಂಕ್ ಸಾಲದ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಲಯಗಳನ್ನು ಫ್ರಾನ್ಸಿನ ವಿಯೋಲಿಯಾ ಕಂಪನಿ ವಹಿಸಿಕೊಂಡು, 2008ರ ಹೊತ್ತಿಗೆ ಅಲ್ಲಿ ದಿನವಿಡೀ ನೀರು ಹರಿಸಿತು. ಹಳೆಯ ಕೊಳವೆಗೆ ತೇಪೆ ಹಚ್ಚದೆ ಜಾಲವನ್ನೇ ಹೊಸದಾಗಿ ಹಾಸಿದ್ದರು. ಬಂಡವಾಳ ಸಾರ್ವಜನಿಕರದು, ನೀರಿನ ದರ ಕಟ್ಟುವ ಅಧಿಕಾರ ಕಂಪನಿಗಿರಲಿಲ್ಲ. ಸದಾ ತುಂಬಿರುವ ಕೊಳವೆಯಲ್ಲಿ ಗಾಳಿಗೆ ಜಾಗವಿಲ್ಲ, ಬಿರುಕಿನಿಂದ ಚರಂಡಿ ನೀರು ಒಳಗೆ ನುಗ್ಗುವುದೂ ಕಡಿಮೆ. ಅಮೆರಿಕದ ಬರ್ಕ್ಲಿಯ ಸಂಶೋಧಕರು ಹುಬ್ಬಳ್ಳಿ-ಧಾರವಾಡದ ಎರಡೂ ಬಗೆಯ ನಲ್ಲಿಗಳನ್ನು ಹೋಲಿಸಿದಾಗ, ಪಾಳಿಯ ನೀರಿನಲ್ಲೇ ಹೆಚ್ಚು ಮಲಿನತೆ ಕಂಡಿತ್ತು.

ಅಮೆರಿಕದ್ದೇ ಅಟ್ಲಾಂಟಾ ನಗರದ ಕಥೆ ಬೇರೆ. 1999ರಲ್ಲಿ 20 ವರ್ಷಕ್ಕೆಂದು ಯುನೈಟೆಡ್ ವಾಟರ್ ಕಂಪನಿಗೆ ಕೊಟ್ಟ ಗುತ್ತಿಗೆಯನ್ನು ನಗರವೇ 2003ರಲ್ಲಿ ಮುರಿದು ಹಾಕಿತು. ಕಂದು ನೀರು, ನಿಧಾನದ ರಿಪೇರಿ, ಕಡಿಮೆ ಸಿಬ್ಬಂದಿ ಎಂಬ ದೂರುಗಳ ಜೊತೆಗೆ, ಕೊಳವೆಗಳ ನಿಜವಾದ ಸ್ಥಿತಿಯ ಬಗ್ಗೆ ಗುತ್ತಿಗೆಗೆ ಮುಂಚೆ ಸರಿಯಾದ ಲೆಕ್ಕವೇ ಇರಲಿಲ್ಲ ಎಂಬ ಜಗಳವೂ ಇತ್ತು.

ಆದ್ದರಿಂದ ಕೇಳಲು ಬಂದವರಿಗೆ ಈ ಲೇಖಕ ಹೇಳುವುದು ಇಷ್ಟೇ. ಗುತ್ತಿಗೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ. ದಿನವಿಡೀ ನೀರು ಶುರುವಾಗುವ ಮೊದಲೇ ಮೀಟರಿನ ಬಿಲ್ಲು ಹಾಕಬಹುದೇ, ದೂರಿಗೆ ಸಹಿ ಹಾಕಿ ಸ್ವೀಕೃತಿ ಕೊಡುವವರು ಯಾರು ಎಂಬ ಎರಡು ಕಲಮು ಹುಡುಕಿ. ತಿಂಗಳಿಗೊಮ್ಮೆ ಮೀಟರಿನ ಫೋಟೊ ತೆಗೆದಿಡಿ. ಬಿಲ್ಲು ಮಾತ್ರ ಭಾವನ ಕಣ್ಣಿಗೆ ಬೀಳದಂತೆ ಇಡಿ. ಅವತ್ತು ಹೆಚ್ಚಿಗೆ ತುಂಬಿದ ಹಣವನ್ನು ಮುಂದಿನ ಬಿಲ್ಲುಗಳಲ್ಲಿ ಚೂರುಚೂರಾಗಿ ಕಳೆದರು; ಅದು ಯಾರಿಗೆ ಸೇರಬೇಕೆಂಬ ತಕರಾರು ಮನೆಯಲ್ಲಿನ್ನೂ ಇತ್ಯರ್ಥವಾಗಿಲ್ಲ.