ಅರಿಶಿನದ ಎಲೆಯ ಪರಿಮಳ ಯಾರಿಗಾಗಿ?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ನೀರಾವರಿ ಭೂಮಿಯಲ್ಲಿ ಕಬ್ಬಿನ ನಡುನಡುವೆ ಅರಿಶಿನದ ಹೊಲಗಳು ಕಾಣಸಿಗುತ್ತವೆ. ಅರಿಶಿನದ ಎಲೆಯೊಂದನ್ನು ಬೆರಳುಗಳ ನಡುವೆ ತಿಕ್ಕಿದೊಡನೆ ಪರಿಮಳವು ಮೂಗಿಗೆ ತಾಗುತ್ತದೆ. ತಿಕ್ಕುವ ಮೊದಲು ಇಷ್ಟು ವಾಸನೆ ಇರಲಿಲ್ಲವಷ್ಟೆ? ವಿಷಯದ ತಿರುಳು ಇಲ್ಲಿಯೇ ಇದೆ.

ಪರಿಮಳಕ್ಕೆ ಕಾರಣ ಬಾಷ್ಪಶೀಲ ತೈಲ. ಅರಿಶಿನದಲ್ಲಿ ಇದು ಎಲೆಯೊಳಗಿನ ವಿಶೇಷ ಕೋಶಗಳಲ್ಲಿ ಅಡಗಿರುತ್ತದೆ. ತುಳಸಿಯಲ್ಲಾದರೋ ಎಲೆಯ ಮೇಲಣ ಸೂಕ್ಷ್ಮ ಗ್ರಂಥಿಗಳಲ್ಲಿ, ತೆಳುಪೊರೆಯ ಕೆಳಗೆ ತುಂಬಿರುತ್ತದೆ. ಒಳ್ಳೆಯ ಭೂತಗನ್ನಡಿಯಿಂದ ಈ ಗ್ರಂಥಿಗಳನ್ನು ಚುಕ್ಕೆಗಳಂತೆ ಕಾಣಬಹುದು. ಹುಳುವಿನ ದವಡೆಯು ಪೊರೆಯನ್ನು ಹರಿದಾಗ ತೈಲವು ಹೊರಚೆಲ್ಲಿ ಹರಡುತ್ತದೆ. ದ್ರವದ ಮೇಲ್ಮೈ ವಿಸ್ತಾರವಾದಂತೆ ಬಾಷ್ಪೀಭವನವೂ ಹೆಚ್ಚುವುದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ತುಳಸಿಯ ತೈಲದಲ್ಲಿರುವ ಯೂಜಿನಾಲ್ ಕುದಿಯುವುದು ಸುಮಾರು 254 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಆದರೂ ಬೆಳಗಿನ ತಂಪಿನಲ್ಲಿಯೇ ಅದರ ವಾಸನೆ ನಮಗೆ ಬರುತ್ತದೆ. ಹೆಚ್ಚು ವೇಗವುಳ್ಳ ಕೆಲವು ಅಣುಗಳು ಕುದಿಯುವುದಕ್ಕೆ ಬಹು ಮೊದಲೇ ಮೇಲ್ಮೈಯಿಂದ ಪಾರಾಗುತ್ತಿರುತ್ತವೆ. ಹೀಗೆ ಗಿಡವು ತನ್ನ ಅಸ್ತ್ರವನ್ನು ಗಾಳಿಗೆ ವ್ಯರ್ಥಮಾಡದೆ, ಕಚ್ಚಿದ ಬಾಯಿಗೇ ಸುರಿಯುತ್ತದೆ.

ಕೀಟದ ನರಗಳಲ್ಲಿ ಆಕ್ಟೋಪಮೀನ್ ಎಂಬ ಸಂದೇಶವಾಹಕ ವಸ್ತುವುಂಟು. ಯೂಜಿನಾಲ್ ಅದರ ಕಾರ್ಯವನ್ನು ಕೆಡಿಸುತ್ತದೆ. ನಮ್ಮ ದೇಹದಲ್ಲಿ ಆಕ್ಟೋಪಮೀನಿನ ಪಾತ್ರ ಅತ್ಯಲ್ಪ. ಹುಳುವಿಗೆ ಕಂಟಕವಾದ ಎಲೆಯನ್ನು ನಾವು ಕಷಾಯಕ್ಕೆ ಹಾಕಿಕೊಳ್ಳಬಲ್ಲೆವು. (ಪ್ರಮಾಣದ ಮಾತೂ ಇದೆಯೆನ್ನಿ.)

ಆದರೆ ಈ ಕೋಟೆಯು ಅಭೇದ್ಯವಲ್ಲ. ಉಡಾಸ್ಪಿಸ್ ಫೋಲಸ್ ಎಂಬ ಚಿಟ್ಟೆಯ ಮರಿಹುಳು ಅರಿಶಿನ, ಶುಂಠಿಗಳ ಎಲೆಯನ್ನು ಸುರುಳಿ ಮಾಡಿಕೊಂಡು ಒಳಗೆ ನಿಶ್ಚಿಂತೆಯಾಗಿ ಮೇಯುತ್ತದೆ. ಇಂಥ ಕೀಟಗಳ ಕರುಳಿನ ಕಿಣ್ವಗಳು ವಿಷವಸ್ತುಗಳನ್ನು ಒಡೆದು ನಿರುಪದ್ರವಿಯಾಗಿಸಬಲ್ಲವು. ಕೋಸಿನ ವೈರಿಯಾದ ವಜ್ರಬೆನ್ನಿನ ಪತಂಗವಂತೂ ಸಾಸಿವೆ ಕುಲದ ಘಾಟನ್ನೇ ಗುರುತಾಗಿ ಹಿಡಿದು ಮೊಟ್ಟೆಯಿಡಲು ಬರುತ್ತದೆ. ಅಟ್ಟಲೆಂದು ಹುಟ್ಟಿದ ವಾಸನೆಯೇ ಆಹ್ವಾನವಾಯಿತು!

ಇನ್ನೂ ಸೋಜಿಗದ ಸಂಗತಿಯನ್ನು 1990ರಲ್ಲಿ ಅಮೆರಿಕದ ಟರ್ಲಿಂಗ್ಸ್, ಟಮ್ಲಿನ್ಸನ್, ಲೂಯಿಸ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಗೋವಿನಜೋಳವನ್ನು ನಾವು ಸುಗಂಧ ಸಸ್ಯವೆನ್ನುವುದಿಲ್ಲ. ಆದರೆ ಸೈನಿಕ ಹುಳುವು ಅದರ ಎಲೆಯನ್ನು ಮೇದು, ಬಾಯಿಯ ರಸ ಗಾಯಕ್ಕೆ ತಾಗಿದಾಗ, ಕೆಲವೇ ಗಂಟೆಗಳಲ್ಲಿ ಸಸಿಯು ಟರ್ಪೀನು ಜಾತಿಯ ಬಾಷ್ಪಗಳನ್ನು ಬಿಡತೊಡಗುತ್ತದೆ. ಈ ವಾಸನೆಯನ್ನು ಅನುಸರಿಸಿ ಒಂದು ಪುಟ್ಟ ಕಣಜವು ಬಂದು ಹುಳುವಿನ ಮೈಯೊಳಗೆ ಮೊಟ್ಟೆಯಿಡುತ್ತದೆ. ಮರಿಗಳು ಹುಳುವನ್ನು ಒಳಗಿಂದಲೇ ತಿಂದು ಬೆಳೆಯುತ್ತವೆ.

ಹೊಲಕ್ಕೆಲ್ಲ ವಿಷ ಸಿಂಪಡಿಸಿದರೆ ಇಂಥ ಕಣಜಗಳೂ ಸಾಯುತ್ತವೆ. ಆದುದರಿಂದ ಅರಿಶಿನದಲ್ಲಿ ಸುರುಳಿ ಎಲೆಗಳು ವಿರಳವಾಗಿರುವಾಗ, ಅವನ್ನು ಕೈಯಿಂದ ಬಿಡಿಸಿ ಹುಳುವನ್ನು ಆರಿಸಿ ತೆಗೆಯುವುದೇ ಲೇಸು.