ಏಳು ಆಸನಗಳ ವಾಹನ, ಏಳು ಜನರ ಹೊಣೆ



ಕುಟುಂಬವೊಂದು ಮಾಡುವ ದೊಡ್ಡ ಖರ್ಚುಗಳಲ್ಲಿ ಮನೆ ಮೊದಲನೆಯದು, ವಾಹನ ಎರಡನೆಯದು. ಮನೆ ಕಟ್ಟುವಾಗ ನಾವು ಹತ್ತು ಜನರನ್ನು ವಿಚಾರಿಸುತ್ತೇವೆ, ಹಿರಿಯರನ್ನು ಕೇಳುತ್ತೇವೆ, ಬಾವಿಯ ನೀರನ್ನೂ ಪರೀಕ್ಷಿಸುತ್ತೇವೆ. ವಾಹನದ ವಿಷಯದಲ್ಲಿ ಹಾಗಲ್ಲ. ಷೋರೂಮಿನ ದೀಪಗಳ ಕೆಳಗೆ ಒಂದೇ ಸಂಜೆಯಲ್ಲಿ ತೀರ್ಮಾನವಾಗಿಬಿಡುತ್ತದೆ. ಆದ್ದರಿಂದ ಈ ವಾರ ಹೊರದೇಶದಿಂದ ಆಮದಾಗಿ ಬರುವ ಐಷಾರಾಮಿ ಕುಟುಂಬ ವಾಹನದ ಬಗ್ಗೆ ವಿಚಾರ ಮಾಡೋಣ. ಅದನ್ನು ಕೊಳ್ಳಬಲ್ಲವರು ನಮ್ಮಲ್ಲಿ ಬೆರಳೆಣಿಕೆಯಷ್ಟು ಮಂದಿ ಮಾತ್ರ. ಆದರೆ ಕೋಟಿ ರೂಪಾಯಿಯ ಗಾಡಿಯಲ್ಲಿ ಏಳುವ ಪ್ರಶ್ನೆಗಳೇ ಹಳೆಯ ಇನ್ನೋವಾ ಕೊಳ್ಳುವವರಿಗೂ ಏಳುತ್ತವೆ. ದೊಡ್ಡದರಲ್ಲಿ ಅವು ಸ್ಪಷ್ಟವಾಗಿ ಕಾಣುತ್ತವೆ, ಅಷ್ಟೆ.

1. ಈ ವಾಹನ ಯಾವುದು?

ಮೂರು ಸಾಲು ಆಸನಗಳ ಕುಟುಂಬ ವಾಹನ ಜನಪ್ರಿಯವಾದದ್ದು 1980ರ ದಶಕದಲ್ಲಿ. ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿಯ ಮಿನಿವ್ಯಾನುಗಳೂ ಫ್ರಾನ್ಸಿನಲ್ಲಿ 1984ರ ರೆನೋ ಎಸ್ಪಾಸ್ ಕೂಡ ಈ ದಾರಿ ತೆರೆದವು. ಜಪಾನಿನಲ್ಲಿ ಅದಕ್ಕೆ ಐಷಾರಾಮದ ರೂಪ ಬಂತು. 1997ರಲ್ಲಿ ನಿಸ್ಸಾನ್ ಎಲ್‌ಗ್ರ್ಯಾಂಡ್, 2002ರಲ್ಲಿ ಟೊಯೋಟಾ ಆಲ್ಫಾರ್ಡ್, 2008ರಲ್ಲಿ ಅದರ ಜೋಡಿಯಾಗಿ ವೆಲ್‌ಫೈರ್ ಬಂದವು. ಜಪಾನಿನಲ್ಲಿ ಮಂತ್ರಿಗಳೂ ಕಂಪನಿಗಳ ಮುಖ್ಯಸ್ಥರೂ ಇಂಥ ವಾಹನದಲ್ಲೇ ಓಡಾಡುತ್ತಾರೆ. ಮಕ್ಕಳಿರುವ ಮನೆಗಳೂ ಅದನ್ನೇ ಕೊಳ್ಳುತ್ತವೆ.

ನಮ್ಮ ದೇಶಕ್ಕೆ ವೆಲ್‌ಫೈರ್ ಬಂದದ್ದು 2020ರ ಫೆಬ್ರವರಿಯಲ್ಲಿ. ಟೊಯೋಟಾ ಕಂಪನಿಗೆ ನಮ್ಮ ಬಿಡದಿಯಲ್ಲೇ ಕಾರ್ಖಾನೆ ಇದ್ದರೂ ಈ ಗಾಡಿ ಅಲ್ಲಿ ತಯಾರಾಗದೆ ಜಪಾನಿನಿಂದ ಪೂರ್ತಿ ಸಿದ್ಧವಾಗಿಯೇ ಬರುತ್ತದೆ. ಆಗ ಷೋರೂಂ ಬೆಲೆ 79.50 ಲಕ್ಷ ರೂಪಾಯಿ. 2023ರ ಆಗಸ್ಟಿನಲ್ಲಿ ಬಂದ ಹೊಸ ಪೀಳಿಗೆಯ ಆರಂಭದ ಬೆಲೆ 1 ಕೋಟಿ 19 ಲಕ್ಷ 90 ಸಾವಿರ. ಉದ್ದ ಐದು ಮೀಟರಿಗೆ ಕೇವಲ 5 ಮಿಲಿಮೀಟರ್ ಕಡಿಮೆ, ಅಗಲ 1.85 ಮೀಟರ್, ಎತ್ತರ 1.95 ಮೀಟರ್. ಪೆಟ್ರೋಲ್ ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಸೇರಿದ ಹೈಬ್ರಿಡ್ ಯಂತ್ರ. ಬಾಗಿಲು ತಾನಾಗಿ ಪಕ್ಕಕ್ಕೆ ಜಾರುತ್ತದೆ. ಮುಂದೆ ಇಬ್ಬರು, ನಡುವೆ ಇಬ್ಬರು, ಹಿಂದೆ ಮೂವರು ಕೂರಬಹುದು. ನಡುಸಾಲಿನ ಎರಡು ಆಸನಗಳೇ ಈ ಗಾಡಿಯ ಹೆಮ್ಮೆ. ಬೆನ್ನು ಒರಗಿಸಿ, ಕಾಲು ಚಾಚಿ ಮಲಗಿದಂತೆ ಕೂರಬಹುದು.

2. ಲೆಕ್ಕ ಮೊದಲು, ಆಸೆ ಆಮೇಲೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಹಾಸಿಗೆಯನ್ನು ಅಳೆದು ನೋಡೋಣ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇಕಡಾ 18, ಅದರ ಮೇಲೆ ಸೆಸ್ ಬೇರೆ. 1 ಕೋಟಿ 20 ಲಕ್ಷಕ್ಕೆ ತೆರಿಗೆಯೇ 21 ಲಕ್ಷ 60 ಸಾವಿರ ರೂಪಾಯಿ ಆಯಿತು. ಆ ತೆರಿಗೆಯ ಹಣದಲ್ಲೇ ಮತ್ತೊಂದು ಕಾರು ಬಂದೀತು!

ಇನ್ನು ಸಾಲ. 80 ಲಕ್ಷ ರೂಪಾಯಿಯನ್ನು ವರ್ಷಕ್ಕೆ ಶೇಕಡಾ 9ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 1 ಲಕ್ಷ 29 ಸಾವಿರ. ಏಳು ವರ್ಷದಲ್ಲಿ ಬಡ್ಡಿಯೇ 28 ಲಕ್ಷ. ಕಂತು ತೀರುವ ಹೊತ್ತಿಗೆ ಗಾಡಿ ಹಳೆಯದಾಗಿ ಬೆಲೆ ಇಳಿದಿರುತ್ತದೆ. ವಿಮೆಯ ಕಂತು ಗಾಡಿಯ ಬೆಲೆಗೆ ತಕ್ಕಂತೆ ಏರುತ್ತದೆ. ಆಮದಿನ ಗಾಡಿಗೆ ಒಂದು ಗಾಜೋ ದೀಪವೋ ಒಡೆದರೂ ಬಿಡಿಭಾಗ ಸಮುದ್ರ ದಾಟಿ ಬರಬೇಕಾಗಬಹುದು. ಕಾಯುವ ದಿನಗಳೂ ಖರ್ಚೇ.

ಹೋಲಿಸಿ ನೋಡುವುದು ಒಳ್ಳೆಯದು. 2022ರಲ್ಲಿ ಬಂದ ಇನ್ನೋವಾ ಹೈಕ್ರಾಸ್ ಬಿಡದಿಯಲ್ಲೇ ತಯಾರಾಗುವ ಹೈಬ್ರಿಡ್. ಅದರಲ್ಲೂ ಏಳೆಂಟು ಜನ ಕೂರುತ್ತಾರೆ. ಊರಿಂದೂರಿಗೆ ತಲುಪಿಸುವ ಕೆಲಸವನ್ನು ಎರಡೂ ಮಾಡುತ್ತವೆ. ಉಳಿದ ಹಣ ಕೊಡುವುದು ಮೆತ್ತನೆಯ ಆಸನಕ್ಕೆ, ನಿಶ್ಶಬ್ದಕ್ಕೆ ಮತ್ತು ನೋಡುವವರ ಕಣ್ಣಿಗೆ. ಇವುಗಳಲ್ಲಿ ಯಾವುದಕ್ಕೆ ಎಷ್ಟು ಕೊಡುತ್ತಿದ್ದೇವೆ ಎಂದು ಗಂಡಹೆಂಡತಿ ಇಬ್ಬರೂ ಕೂತು ಪ್ರಾಮಾಣಿಕವಾಗಿ ಹೇಳಿಕೊಳ್ಳಬೇಕು. ಮಂಡಿನೋವಿನ ತಾಯಿಯನ್ನು ಪ್ರತಿ ವಾರ ಆಸ್ಪತ್ರೆಗೆ ಕರೆದೊಯ್ಯುವ ಮನೆಗೆ ಜಾರುವ ಬಾಗಿಲೂ ತಗ್ಗಿನ ನೆಲವೂ ಆಡಂಬರವಲ್ಲ. ನೆರೆಮನೆಯವರ ಗಾಡಿಗಿಂತ ಉದ್ದವಿರಲಿ ಎಂದು ಕೊಂಡರೆ ಅದೇ ಬಾಗಿಲು ಆಡಂಬರವಾಗುತ್ತದೆ.

3. ಹೊರದೇಶದಲ್ಲಿರುವ ನಮ್ಮ ಮಕ್ಕಳಿಗೆ

ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಬ್ರಿಟನ್ ದೇಶಗಳಲ್ಲಿ ನೆಲೆಸಿರುವ ನಮ್ಮವರ ಪರಿಸ್ಥಿತಿ ಬೇರೆ. ಜಪಾನಿನಂತೆ ಅಲ್ಲಿಯೂ ವಾಹನಗಳು ರಸ್ತೆಯ ಎಡಗಡೆ ಓಡುತ್ತವೆ. ಹಾಗಾಗಿ ಜಪಾನಿನ ಹಳೆಯ ಆಲ್ಫಾರ್ಡುಗಳು ಅಲ್ಲಿಗೆ ಆಮದಾಗುತ್ತವೆ. ಸಾಧಾರಣ ಸಂಬಳದ ಕುಟುಂಬವೂ ಕೊಳ್ಳಬಹುದು. ಇವು ಹರಾಜಿನಲ್ಲಿ ಮಾರಾಟವಾದ ಗಾಡಿಗಳು. ಪ್ರತಿ ಗಾಡಿಗೂ ಒಂದು ಹರಾಜು ಪತ್ರ ಇರುತ್ತದೆ. ಅದರಲ್ಲಿ ಗಾಡಿಯ ಸ್ಥಿತಿಗೆ ಅಂಕ, ಓಡಿದ ಕಿಲೋಮೀಟರ್, ಗೀರು ತಗ್ಗುಗಳ ನಕ್ಷೆ ಎಲ್ಲ ಬರೆದಿರುತ್ತದೆ. ಅಂಕದ ಜಾಗದಲ್ಲಿ 'ಆರ್' ಎಂಬ ಅಕ್ಷರವಿದ್ದರೆ ಅಪಘಾತವಾಗಿ ದುರಸ್ತಿಯಾದ ಗಾಡಿ ಎಂದು ಅರ್ಥ. ಮಾರುವವರು ಈ ಪತ್ರ ತೋರಿಸಲು ಹಿಂಜರಿದರೆ ನೀವು ಕೊಳ್ಳಲು ಹಿಂಜರಿಯಿರಿ. ಷಾಸಿ ಸಂಖ್ಯೆ ಕೊಟ್ಟು, ದೋಷವುಳ್ಳ ಏರ್‌ಬ್ಯಾಗುಗಳನ್ನು ಬದಲಿಸಲು ಕಂಪನಿ ಆ ಗಾಡಿಯನ್ನು ಹಿಂದಕ್ಕೆ ಕರೆದಿದೆಯೇ, ಕರೆದಿದ್ದರೆ ಬದಲಿಸಿದೆಯೇ ಎಂದೂ ವಿಚಾರಿಸಿ. ಪರದೆಯ ಬರಹ ಜಪಾನಿ ಭಾಷೆಯಲ್ಲಿರುತ್ತದೆ, ರೇಡಿಯೋ ಅಲೆಗಳೂ ಬೇರೆ; ಇವು ಸಣ್ಣ ತೊಂದರೆಗಳು.

ಅಂಥ ಹಳೆಯ ಗಾಡಿಯನ್ನು ಊರಿಗೇ ತರುತ್ತೇವೆ ಎನ್ನುವವರು ಎಚ್ಚರವಹಿಸಬೇಕು. ಭಾರತಕ್ಕೆ ತರುವ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಕೂಡದು, ಸ್ಟಿಯರಿಂಗ್ ಬಲಗಡೆಯೇ ಇರಬೇಕು. ಸುಂಕವಂತೂ ಗಾಡಿಯ ಬೆಲೆಯನ್ನೇ ಮೀರಿಸುತ್ತದೆ.

4. ಓಡಿಸುವವರಿಗೆ

ಇಂಥ ಗಾಡಿಯ ಒಳಗೆ ಸದ್ದಿಲ್ಲ, ಕುಲುಕಾಟವಿಲ್ಲ. ಆದ್ದರಿಂದಲೇ ವೇಗ ತಿಳಿಯುವುದಿಲ್ಲ. ಖಾಲಿ ಗಾಡಿಯೇ ಎರಡು ಟನ್ನಿಗಿಂತ ಹೆಚ್ಚು ತೂಗುತ್ತದೆ. ಏಳು ಜನರೂ ಅವರ ಗಂಟುಮೂಟೆಯೂ ಸೇರಿದರೆ ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಹೆಚ್ಚು ದೂರ ಬೇಕು. ಎತ್ತರದ ಮೈ ಇರುವುದರಿಂದ ತಿರುವಿನಲ್ಲಿ ವಾಲುತ್ತದೆ, ಬಯಲಿನ ಗಾಳಿಗೆ ಪಕ್ಕಕ್ಕೆ ತಳ್ಳಲ್ಪಡುತ್ತದೆ. ಚಾರ್ಮಾಡಿಯಂಥ ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಐದು ಮೀಟರಿನ ಗಾಡಿಯ ಹಿಂದಿನ ಚಕ್ರ ಒಳಗಡೆಯ ಅಂಚನ್ನು ಕಡಿದುಕೊಂಡು ಬರುತ್ತದೆ ಎಂಬುದು ನೆನಪಿರಲಿ. ತುಂಬಿದ ಗಾಡಿಗೆ ಟೈರಿನ ಗಾಳಿ ಎಷ್ಟಿರಬೇಕೆಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಹೈಬ್ರಿಡ್ ಬ್ಯಾಟರಿಗೆ ತಂಪುಗಾಳಿ ಹೋಗುವ ಕಿಂಡಿ ಗಾಡಿಯ ಒಳಗೇ ಇರುವುದುಂಟು. ಅದರ ಮುಂದೆ ಚೀಲ ಇಡಬೇಡಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಎತ್ತರವನ್ನು ಗಾಡಿ ಕೊಳ್ಳುವ ಮೊದಲೇ ಅಳೆಯಿರಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಸೀಟ್ ಬೆಲ್ಟಿನದು. ಹಿಂದೆ ಕೂತವರಿಗೆ ಬೆಲ್ಟ್ ಬೇಡ ಎಂಬ ಭ್ರಮೆ ನಮ್ಮಲ್ಲಿ ಆಳವಾಗಿ ಬೇರೂರಿದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡರು. ಅವರು ಕೂತದ್ದು ಬೆಲೆಬಾಳುವ ಕಾರಿನ ಹಿಂದಿನ ಆಸನದಲ್ಲಿ. ಹಿಂದೆ ಕೂತಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ತಿಳಿಸಿದರು, ಇಬ್ಬರೂ ಉಳಿಯಲಿಲ್ಲ. ಗಾಡಿಯ ಬೆಲೆ ಪ್ರಾಣ ಕಾಯುವುದಿಲ್ಲ, ಬೆಲ್ಟ್ ಕಾಯುತ್ತದೆ.

ಐಷಾರಾಮಿ ಆಸನದಲ್ಲಿ ಇನ್ನೊಂದು ಅಪಾಯವಿದೆ. ಓಡುವ ಗಾಡಿಯಲ್ಲಿ ಬೆನ್ನನ್ನು ಪೂರ್ತಿ ಒರಗಿಸಿ ಮಲಗಿದರೆ ಬೆಲ್ಟ್ ಸೊಂಟದ ಎಲುಬಿನ ಮೇಲೆ ನಿಲ್ಲುವುದಿಲ್ಲ. ಡಿಕ್ಕಿಯಾದಾಗ ಮೈ ಅದರ ಕೆಳಗೆ ಜಾರುತ್ತದೆ, ಬೆಲ್ಟ್ ಹೊಟ್ಟೆಯನ್ನು ಅಥವಾ ಕುತ್ತಿಗೆಯನ್ನು ಒತ್ತುತ್ತದೆ. ಆದ್ದರಿಂದ ಆ ಸುಖ ನಿಂತ ಗಾಡಿಗೆ ಮಾತ್ರ ಇರಲಿ. 14 ವರ್ಷದೊಳಗಿನ ಮಕ್ಕಳಿಗೂ ಬೆಲ್ಟ್ ಅಥವಾ ಮಕ್ಕಳ ಆಸನ ಇರಲೇಬೇಕೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ತಪ್ಪಿದರೆ 1,000 ರೂಪಾಯಿ ದಂಡ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡರೆ ಸಾಕು ಎನ್ನುವ ತಾಯಂದಿರೇ, ಗಾಡಿ ಡಿಕ್ಕಿ ಹೊಡೆದಾಗ ಯಾವ ತಾಯಿಯ ತೋಳಿಗೂ ಮಗುವನ್ನು ಹಿಡಿದಿಡುವ ಬಲವಿರುವುದಿಲ್ಲ.

5. ಒಡೆತನ ಒಂದು, ಬಳಕೆ ಇನ್ನೊಂದು

ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಆಸ್ತಿಯ ಪ್ರಶ್ನೆಯನ್ನು ವಿಚಾರಿಸುವಾಗ ಎರಡು ಸಂಗತಿಗಳನ್ನು ಬೇರ್ಪಡಿಸಿದರು. ವಸ್ತುವನ್ನು ಗಳಿಸಿ ನಿರ್ವಹಿಸುವುದು ಒಂದು. ಅದನ್ನು ಬಳಸುವುದು ಇನ್ನೊಂದು. ಮೊದಲನೆಯದರಲ್ಲಿ 'ನನ್ನದು' ಎನ್ನುವುದು ಸರಿ. ಯಾಕೆಂದರೆ ತನ್ನದೆಂದಾಗ ಮನುಷ್ಯನು ಹೆಚ್ಚು ಜೋಪಾನ ಮಾಡುತ್ತಾನೆ, ಯಾರ ಕೆಲಸ ಯಾವುದೆಂಬ ಗೊಂದಲವಿರುವುದಿಲ್ಲ, ಜಗಳವೂ ಕಡಿಮೆ. ಆದರೆ ಬಳಕೆಯ ವಿಷಯದಲ್ಲಿ ಅದನ್ನು ಎಲ್ಲರದೆಂಬಂತೆ ಹಿಡಿದುಕೊಂಡು, ಅಗತ್ಯವಿರುವವರೊಂದಿಗೆ ಹಂಚಿಕೊಳ್ಳಲು ಸಿದ್ಧನಿರಬೇಕು.

ಇದನ್ನು ನಮ್ಮ ಗಾಡಿಗೆ ಅನ್ವಯಿಸೋಣ. ಟೈರು, ಎಣ್ಣೆ, ವಿಮೆ ಎಲ್ಲವನ್ನೂ ಒಡೆಯನೇ ನೋಡಿಕೊಳ್ಳಲಿ. ಆದರೆ ಏಳು ಆಸನಗಳಲ್ಲಿ ಐದು ಖಾಲಿ ಇರುವಾಗ, ಮಳೆಯಲ್ಲಿ ಬಲಿಪೂಜೆಗೆ ನಡೆದು ಬರುವ ವೃದ್ಧ ದಂಪತಿಗಳನ್ನು ದಾಟಿ ಹೋಗುವ ಗಾಡಿ ಅರ್ಧ ಮಾತ್ರ ಬಳಕೆಯಲ್ಲಿದೆ. ನಡುರಾತ್ರಿ ಪಕ್ಕದ ಮನೆಯಲ್ಲಿ ಹೆರಿಗೆ ನೋವು ಬಂದಾಗ 'ಸೀಟಿಗೆ ಕಲೆಯಾದೀತು' ಎಂಬ ಯೋಚನೆ ಮೊದಲು ಬಂದರೆ, ಅಲ್ಲಿ ಯಾರು ಯಾರ ಒಡೆಯ ಎಂದು ಕೇಳಿಕೊಳ್ಳಬೇಕು.

ಮನೆಯೊಳಗೂ ಹಂಚಿಕೆ ಬೇಕು. ನಡುಸಾಲಿನ ಆ ಎರಡು ಆಸನಗಳಲ್ಲಿ ಯಾರು ಕೂರುತ್ತಾರೆ? ಮಗ ಮೊಬೈಲ್ ಹಿಡಿದು ಕಾಲು ಚಾಚಿ, ಅಜ್ಜಿ ಮಂಡಿ ಮಡಚಿಕೊಂಡು ಹಿಂದಿನ ಸಾಲಿನಲ್ಲಿ ಕೂರುವಂತಾದರೆ ಕೋಟಿ ರೂಪಾಯಿ ವ್ಯರ್ಥ. ಸಂಬಳಕ್ಕೆ ಓಡಿಸುವ ಚಾಲಕನಿದ್ದರೆ ಅವನೂ ಎಣಿಕೆಗೆ ಸೇರಿದವನು. ಅವನ ನಿದ್ದೆ, ಊಟ, ಎರಡು ಗಂಟೆಗೊಮ್ಮೆ ವಿಶ್ರಾಂತಿ ನಿಮ್ಮ ಹೊಣೆ. ವೇಳಾಂಗಣ್ಣಿಗೆ ರಾತ್ರಿಯಿಡೀ ಓಡಿಸಿ, ಮರುದಿನವೇ ಹಿಂತಿರುಗಿಸುವುದು ಯಾತ್ರೆಯಲ್ಲ, ಅಪಾಯವನ್ನು ಕರೆಯುವುದು.

ಒಂದು ಎಚ್ಚರಿಕೆ: ಹಂಚಿಕೊಳ್ಳುವುದೆಂದರೆ ಬಾಡಿಗೆ ಓಡಿಸುವುದಲ್ಲ. ಬಿಳಿ ಫಲಕದ ಸ್ವಂತ ಗಾಡಿಯಲ್ಲಿ ತಲೆಗಿಷ್ಟೆಂದು ಹಣ ಪಡೆದು ಜನರನ್ನು ಯಾತ್ರೆಗೆ ಕರೆದೊಯ್ದರೆ ಕಾಯಿದೆ ಮೀರಿದಂತಾಗುತ್ತದೆ; ಅಪಘಾತವಾದರೆ ವಿಮಾ ಕಂಪನಿ ಪರಿಹಾರ ನಿರಾಕರಿಸಬಹುದು. ಬರಿಯ ಮೂರನೇ ವ್ಯಕ್ತಿಯ ವಿಮೆ ಇದ್ದರೆ ಜೊತೆಗೆ ಕೂತವರಿಗೆ ರಕ್ಷಣೆ ಸಿಗದೆ ಹೋಗಬಹುದು. ಆದ್ದರಿಂದ ಸಮಗ್ರ ವಿಮೆ ಮಾಡಿಸಿ, ಕೂತವರೆಲ್ಲರಿಗೂ ಅದು ಅನ್ವಯಿಸುತ್ತದೆಯೇ ಎಂದು ಓದಿ ನೋಡಿ. ಉಪಕಾರ ಮಾಡಲು ಹೋಗಿ ಒಂದು ಬಡ ಕುಟುಂಬವನ್ನು ಬೀದಿಗೆ ತರಬಾರದು.

ಮನೆಯಲ್ಲಿ ಕೂತು ಚರ್ಚಿಸಲು

ಅ) ನಮ್ಮ ಗಾಡಿಯ ತಿಂಗಳ ಖರ್ಚು ಕಂತು ಸೇರಿ ಎಷ್ಟು? ಅದು ಮಕ್ಕಳ ಓದಿನ, ಹಿರಿಯರ ಔಷಧಿಯ ಹಣವನ್ನು ತಿನ್ನುತ್ತಿದೆಯೇ?

ಆ) ಹಿಂದೆ ಕೂತವರೆಲ್ಲರೂ ಬೆಲ್ಟ್ ಹಾಕದೆ ಗಾಡಿ ಹೊರಡುವುದಿಲ್ಲ ಎಂಬ ನಿಯಮ ನಮ್ಮ ಮನೆಯಲ್ಲಿದೆಯೇ?

ಇ) ಅತ್ಯುತ್ತಮ ಆಸನದಲ್ಲಿ ಕಳೆದ ಬಾರಿ ಕೂತವರು ಯಾರು? ಅದರ ಅಗತ್ಯ ಇದ್ದವರು ಯಾರು?

ಈ) ಕಳೆದ ಒಂದು ವರ್ಷದಲ್ಲಿ ನಮ್ಮ ಕುಟುಂಬದವರಲ್ಲದ ಎಷ್ಟು ಜನ, ಹಣ ಕೊಡದೆ, ನಮ್ಮ ಗಾಡಿಯಲ್ಲಿ ಕೂತರು?

ಈ ನಾಲ್ಕಕ್ಕೂ ಸಮಾಧಾನದಿಂದ ಉತ್ತರ ಹೇಳಬಲ್ಲ ಮನೆಯವರು ಯಾವ ಗಾಡಿಯನ್ನಾದರೂ ಇಟ್ಟುಕೊಳ್ಳಲಿ, ಅದು ಅವರಿಗೆ ಭಾರವಾಗದು. ಉತ್ತರಿಸಲಾಗದವರು ಹೊಸ ಗಾಡಿಯ ಮುಂಗಡ ಕೊಡುವ ಮೊದಲು ಇನ್ನೊಂದು ತಿಂಗಳು ತಡೆಯಲಿ.